ಒಂದೇ ಕೈ ಬಲ್ಲ ಕೂದಲು

ನಮ್ಮೂರಿನ ಗಂಡಸರ ಕೂದಲು ಒಂದೇ ಕೈಗೆ ಬಗ್ಗುತ್ತದೆ. ಹುಟ್ಟುಗೂದಲು ತೆಗೆಸುವ ದಿನ, ಅಂದರೆ ಜವಳದ ದಿನ, ಯಾವ ಕೈ ಮಗುವಿನ ತಲೆಯ ಮೇಲೆ ಕತ್ತರಿ ಆಡಿಸಿತೋ ಆ ಕೈಗೆ ಮಾತ್ರ. ಬೇರೆ ಯಾರೇ ಕತ್ತರಿ ಹಾಕಲಿ, ನೀರನ್ನು ಕತ್ತರಿಸಿದ ಹಾಗೆ. ಕಚಕಚ ಸದ್ದು ಬರುತ್ತದೆ, ಒಂದೆಳೆಯೂ ಕೆಳಗೆ ಬೀಳುವುದಿಲ್ಲ. ಹೆಂಗಸರ ಕೂದಲಿಗೆ ಈ ಹಟ ಇಲ್ಲ, ಹಟ ಮಾಡಲು ನಮಗೆ ಪುರುಸೊತ್ತಾದರೂ ಎಲ್ಲಿ? ವರ್ಗವಾಗಿ ಬಂದ ಮೇಷ್ಟ್ರು, ಬ್ಯಾಂಕಿನವರು ಮೊದಲ ಸಲ ಕೇಳಿದಾಗ ನಗುತ್ತಾರೆ. ಊರಿನವರಿಗೆ ಇದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ಮಿಲಿಟರಿಗೆ ಸೇರಿದ ನಮ್ಮೂರ ಹುಡುಗನೊಬ್ಬನನ್ನು ಅಲ್ಲಿನ ಸಾಹೇಬರು ಬೈದು, ಗದರಿಸಿ, ಕ್ಷೌರಿಕರನ್ನು ಬದಲಾಯಿಸಿ, ಕೊನೆಗೆ ಸೋತು ಕಟಿಂಗಿಗೆಂದೇ ರಜೆ ಕೊಟ್ಟು ಕಳಿಸುತ್ತಿದ್ದರು. ಬಸ್ಸಿಳಿದವನು ತನ್ನ ಮನೆಗೆ ಹೋಗುವ ಮೊದಲು ನಮ್ಮ ಅಂಗಡಿಗೆ ಬರುತ್ತಿದ್ದ.

ಆ ಒಂದು ಕೈ ನನ್ನ ಗಂಡ ಕದಿರಪ್ಪನವರದು. ಅದಕ್ಕೂ ಮೊದಲು ನನ್ನ ಮಾವನವರದು. ಗಂಡನ ಹೆಸರು ಹಿಡಿದು ಮಾತಾಡಿ ನನಗೆ ರೂಢಿ ಇಲ್ಲ, ಅದಕ್ಕೆ ಇನ್ನು ಮುಂದೆ ‘ಇವರು’ ಅಂದರೆ ಅವರೇ ಎಂದು ತಿಳಿಯಿರಿ. ನಾನು ಅಲುವೇಲಮ್ಮ. ಅಂಗಡಿಯ ಹಿಂದೆಯೇ ನಮ್ಮ ಮನೆ, ನಡುವೆ ಹೂವಿನ ಚಿತ್ತಾರದ ಒಂದು ಪರದೆ. ಇಷ್ಟು ವರ್ಷ ಊರಿನ ಗಂಡಸರು ಆ ಕಡೆ ಏನು ಹರಟಿದರೂ ಈ ಕಡೆ ನನಗೆ ಕೇಳಿಸಿದೆ. ಹೆಂಗಸರ ಬಾಯಿಗೆ ಬೀಗ ಇಲ್ಲ ಅನ್ನುವವರನ್ನು ಒಂದು ದಿನ ಆ ಪರದೆಯ ಹಿಂದೆ ಕೂರಿಸಬೇಕು.

ಊರಿಗೆ ಊರೇ ಇವರನ್ನು ದೇವರ ಹಾಗೆ ಕಾಣುತ್ತಿತ್ತು, ನಿಜ. ಆದರೆ ದೇವರಿಗಾದರೂ ವರ್ಷಕ್ಕೊಮ್ಮೆ ಉತ್ಸವ ಅಂತ ಗುಡಿಯಿಂದ ಹೊರಗೆ ಬರುವ ಯೋಗ ಇರುತ್ತದೆ. ಇವರಿಗೆ ಅದೂ ಇರಲಿಲ್ಲ. ಯಾರ ಮನೆಯಲ್ಲಿ ಯಾವಾಗ ಸಾವಾಗುತ್ತದೋ ಯಾರು ಬಲ್ಲರು? ಸತ್ತವರ ಗಂಡುಮಕ್ಕಳು ತಲೆ ಬೋಳಿಸಿಕೊಳ್ಳದೆ ಹೆಣ ಎತ್ತುವ ಹಾಗಿಲ್ಲ, ಬೋಳಿಸಲು ಇವರಿಲ್ಲದೆ ಆಗುವುದಿಲ್ಲ. ನನ್ನ ತಮ್ಮನ ಮದುವೆಗೆ ಒಮ್ಮೆ ಇಬ್ಬರೂ ಹೋಗಿದ್ದೆವು. ಇನ್ನೇನು ಊಟಕ್ಕೆ ಎಲೆ ಹಾಕಬೇಕು, ಅಷ್ಟರಲ್ಲಿ ಊರಿನಿಂದ ಮೋಟಾರ್ ಸೈಕಲ್ಲಿನಲ್ಲಿ ಜನ ಬಂದರು. ಹಿಟ್ಟಿನ ಮಿಲ್ಲಿನ ಗವಿಯಪ್ಪನ ತಂದೆ ತೀರಿಕೊಂಡಿದ್ದಾರೆ, ಹೆಣ ಅಂಗಳದಲ್ಲಿ ಕಾಯುತ್ತಿದೆ. ಇವರು ಹಾಗೇ ಎದ್ದು ಹೋದರು. ನಾನು ಹೋಳಿಗೆ ತಿಂದೆನೋ ಮಣ್ಣು ತಿಂದೆನೋ ಗೊತ್ತಾಗಲಿಲ್ಲ. ಅವತ್ತಿನಿಂದ ಇವರು ಒಂದು ರಾತ್ರಿಯೂ ಊರಿನ ಹೊರಗೆ ಮಲಗಿರಲಿಲ್ಲ.

ಕೂದಲಿನ ಷೋಕಿ ಮಾತ್ರ ಇದ್ದಲ್ಲೇ ಇರಲಿಲ್ಲ. ಮಾವನವರ ಕಾಲದಲ್ಲಿ ಊರಿಗೆಲ್ಲ ಜುಟ್ಟು. ಕ್ರಾಪು ಬಂದಾಗ ಅವರು ಅನ್ನ ನೀರು ಬಿಟ್ಟು ಕೂತಿದ್ದರಂತೆ, ಆಮೇಲೆ ಕಲಿತರು. ಇವರ ಹರೆಯದಲ್ಲಿ ಕಿವಿ ಮುಚ್ಚುವ ಹಿಪ್ಪಿ ಕೂದಲು ಬಂತು. ತಿಂಗಳಿಗೊಮ್ಮೆ ಬರುತ್ತಿದ್ದವರು ಹಬ್ಬಕ್ಕೊಮ್ಮೆ ಬರುವಂತಾಯಿತು, ನಮ್ಮ ಸಾರು ತೆಳ್ಳಗಾಯಿತು. ಅದನ್ನೂ ದಾಟಿದೆವು. ಈಗ ಬಂದದ್ದು ಬೇರೆಯದೇ ಕಾಟ. ಹುಡುಗರು ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡು ಬರತೊಡಗಿದರು. ಎರಡೂ ಪಕ್ಕ ಚರ್ಮ ಕಾಣುವಷ್ಟು ಸಣ್ಣ, ಮೇಲಕ್ಕೆ ಹೋದಂತೆ ದಟ್ಟ, ನೆತ್ತಿಯ ಮೇಲೊಂದು ಪೊದೆ.

“ಇದು ಫೇಡ್ ಅಂತ ಮಾವ. ಇಲ್ಲಿಂದ ಇಲ್ಲಿಗೆ ಹಾಗೇ ಕರಗ್ತಾ ಬರ್ಬೇಕು” ಅನ್ನುವುದು.

“ಕರಗೋಕೆ ಅದೇನು ಬೆಣ್ಣೆನೇನಪ್ಪ?” ಎಂದು ಇವರು ಗೊಣಗುತ್ತಲೇ ಕತ್ತರಿ ಹಿಡಿಯುವುದು. ಕೈಲಾದಷ್ಟು ಮಾಡುತ್ತಿದ್ದರು. ಹುಡುಗರು ಕನ್ನಡಿ ನೋಡಿಕೊಂಡು, ಟೋಪಿ ಹಾಕಿಕೊಂಡು ಎದ್ದು ಹೋಗುತ್ತಿದ್ದರು. ಬೇರೆ ಕಡೆ ಹೋಗುವ ಹಾಗಿಲ್ಲ, ಇಲ್ಲಿ ಕೂರುವ ಮನಸ್ಸಿಲ್ಲ. ಕೊನೆಗೆ ಅವರು ಕಂಡುಕೊಂಡ ದಾರಿ ಎಂದರೆ ಕೂದಲನ್ನು ಅದರ ಪಾಡಿಗೆ ಬಿಟ್ಟುಬಿಡುವುದು. ನೋಡನೋಡುತ್ತ ನಮ್ಮೂರ ಹುಡುಗರೆಲ್ಲ ಹೆಗಲಿಗೆ ಬೀಳುವ ಕೂದಲು ಬಿಟ್ಟುಕೊಂಡು, ಅಕ್ಕತಂಗಿಯರ ರಬ್ಬರ್ ಬ್ಯಾಂಡ್ ಕದ್ದು ಕಟ್ಟಿಕೊಂಡು ಓಡಾಡಿದರು. ನಮ್ಮ ಅಂಗಡಿಗೆ ಉಳಿದವರು ಮುದುಕರು. ಅವರು ಬರುತ್ತಿದ್ದದ್ದು ಪೇಪರ್ ಓದುವುದಕ್ಕೆ, ಯಾಕೆಂದರೆ ಕತ್ತರಿಸಲು ಅವರ ತಲೆಯಲ್ಲಿ ಅಂಥದ್ದೇನೂ ಉಳಿದಿರಲಿಲ್ಲ.

ಇಷ್ಟರ ಮೇಲೆ ಇವರ ಬಲಭುಜ ಹಿಡಿದುಕೊಂಡಿತು. ಕೈ ಎದೆಯ ಮಟ್ಟಕ್ಕೆ ಬಂದರೆ ಅಲ್ಲಿಗೆ ನಿಂತಿತು, ಮೇಲಕ್ಕೆ ಏಳುವುದಿಲ್ಲ. ಎಣ್ಣೆ ತಿಕ್ಕಿದೆ, ಬಿಸಿನೀರು ಹಾಕಿದೆ, ಆಸ್ಪತ್ರೆಯವರು ಕೊಟ್ಟ ಮಾತ್ರೆಯೂ ಆಯಿತು. “ಯಾರಿಗೂ ಹೇಳ್ಬೇಡ” ಎಂದು ನನ್ನ ಬಾಯಿ ಕಟ್ಟಿದರು. ಮೊದಲು ಎತ್ತರದ ಕುರ್ಚಿ ತೆಗೆದು ಸ್ಟೂಲ್ ಹಾಕಿದರು. ಸ್ಟೂಲ್ ಹೋಗಿ ಮಣೆ ಬಂತು. ಕೊನೆಗೆ ನೆಲದ ಮೇಲೆ ಚಾಪೆ. ಮುದುಕರು, “ನೋಡ್ರಪ್ಪಾ, ಕದಿರಪ್ಪ ಹಿಂದಿನ ಪದ್ಧತಿ ಮತ್ತೆ ತಂದ!” ಎಂದು ಹೊಗಳಿದರು. ಪರದೆಯ ಹಿಂದೆ ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ, ಆಮೇಲೆ ಅತ್ತೆ.

ನಮಗೆ ಗಂಡುಮಕ್ಕಳಿಲ್ಲ. ಇರುವವಳು ಶ್ಯಾಮಲ ಒಬ್ಬಳೇ, ಅವಳನ್ನು ಕೊಟ್ಟದ್ದು ಅರ್ಧ ದಿನದ ಬಸ್ಸಿನ ದಾರಿಯ ಊರಿಗೆ. ಅವಳ ಮಗ ಗಗನ್‌ಗೆ ಜವಳವೇ ಆಗಿರಲಿಲ್ಲ. ನಮ್ಮ ಮನೆತನದಲ್ಲಿ ಮೊದಲ ಕತ್ತರಿ ತಾಯಿಯ ತಂದೆಯದು, ಮಗು ಅವರ ತೊಡೆಯ ಮೇಲೆ ಕೂರಬೇಕು. ಒಂದನೇ ವರ್ಷ ಇವರು ಹೊರಟು ನಿಂತಾಗ ಯಾರೋ ಸತ್ತರು. ಮೂರನೇ ವರ್ಷ ಯಾರೋ ಸಾಯುವ ಹಾಗಿದ್ದರು. ಇವರು ಹೊರಡದೆ ಉಳಿದ ಮೇಲೆ ಆ ಪುಣ್ಯಾತ್ಮ ಎದ್ದು ಕೂತು ಮುದ್ದೆ ಕೇಳಿದ. ಈಗ ಐದನೇ ವರ್ಷ. ಹುಡುಗ ಎರಡು ಜಡೆ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದ.

“ಅಮ್ಮ, ನಮ್ಮತ್ತೆ ಈ ಶ್ರಾವಣ ಮುಗಿಯೋದ್ರೊಳಗೆ ಯಾರ ಕೈಲಾದ್ರೂ ಮಾಡ್ಸಿ ಮುಗಿಸಿ ಅಂತಿದಾರೆ. ಇನ್ನೆಷ್ಟು ಅಂತ ತಡೀಲಿ? ಅಪ್ಪಂಗೆ ಊರಿನ ತಲೆಗಳೇ ಹೆಚ್ಚು” ಎಂದು ಶ್ಯಾಮಲ ಫೋನಿನಲ್ಲಿ ಅತ್ತಳು. ಇವರು ಪಕ್ಕದಲ್ಲೇ ಇದ್ದರು. ಎದ್ದು ಹೋಗಿ ಮಸೆದ ಕತ್ತಿಯನ್ನೇ ಮತ್ತೆ ಮಸೆಯುತ್ತ ಕೂತರು.

ಆ ಹೊತ್ತಿಗೆ ಬಸ್ ಸ್ಟ್ಯಾಂಡ್ ಹತ್ತಿರ ಫಯಾಜ್ ಎನ್ನುವವನು ಗಾಜಿನ ಬಾಗಿಲಿನ ಸಲೂನ್ ತೆರೆದಿದ್ದ. ಹೊರಗಿನವನು, ಪಾಪ, ಊರಿನ ವಿಷಯ ಗೊತ್ತಿಲ್ಲ. ತಿರುಗುವ ಕುರ್ಚಿ, ತಣ್ಣನೆ ಗಾಳಿ, ಗೋಡೆ ತುಂಬ ಕನ್ನಡಿ. ಹುಡುಗರು ಆಸೆಯಿಂದ ಹೋದರು. ಮೆಷಿನ್ ಗುಂಯ್ ಎಂದದ್ದೇ ಬಂತು, ಕೂದಲು ಅಲ್ಲಾಡಲಿಲ್ಲ. ಅವನು ಮೆಷಿನ್ ಹಾಳಾಗಿದೆಯೆಂದು ರಿಪೇರಿಗೆ ಕಳಿಸಿದ, ಹೊಸ ಕತ್ತರಿ ತರಿಸಿದ. ಕಡೆಗೆ ಮೇಷ್ಟ್ರುಗಳ ಕೂದಲು ಕತ್ತರಿಸುತ್ತ, ಊರಿನವರಿಗೆ ಬರೀ ಬಣ್ಣ ಹಚ್ಚುತ್ತ, ತಲೆ ಒತ್ತುತ್ತ ದಿನ ನೂಕುತ್ತಿದ್ದ. ಒಳ್ಳೆಯ ಹುಡುಗ. ನಾನು ತರಕಾರಿಗೆ ಹೋದಾಗ, “ಅಮ್ಮ, ನಿಮ್ಮೂರ ತಲೆಗಳಿಗೆ ನನ್ನ ಮೇಲೆ ಏನು ಕೋಪ?” ಎಂದು ಕೇಳುತ್ತಿದ್ದ.

ಕೋಪ ಇಳಿಸುವ ದಾರಿ ಇತ್ತು. ಅದು ಇವರಿಗೂ ಗೊತ್ತು, ನನಗೂ ಗೊತ್ತು. ಮಾವನವರು ಊರನ್ನು ಇವರಿಗೆ ಒಪ್ಪಿಸಿದ್ದೇ ಹಾಗೆ: ಒಂದೊಂದು ತಲೆಯ ಮೇಲೂ ಮಗನ ಕೈ, ಆ ಕೈಯ ಮೇಲೆ ತಮ್ಮ ಕೈ ಇಟ್ಟು ಕತ್ತರಿ ಆಡಿಸಿ, ನಡುವೆ ತಮ್ಮ ಕೈ ತೆಗೆದುಬಿಟ್ಟರು. ಅಷ್ಟೇ. ಆದರೆ ಕೊಟ್ಟ ತಲೆ ಕೊಟ್ಟ ಹಾಗೆಯೇ. ಆಮೇಲೆ ಹಳೆಯ ಕೈಗೆ ಅದು ಬಗ್ಗುವುದಿಲ್ಲ.

“ಫಯಾಜನಿಗೆ ಕೊಡ್ರೀ” ಎಂದು ನಾನು ಅಡುಗೆಮನೆಯಲ್ಲಿ ನಿಂತು ಎಷ್ಟು ಸಲ ಹೇಳಿದೆನೋ.

“ಕೊಟ್ಟು? ಆಮೇಲೆ ನಾನ್ಯಾರೇ?” ಎಂದು ಇವರು ಕೇಳುತ್ತಿದ್ದರು. “ಬೀದೀಲಿ ಹೋಗೋ ಒಂದೊಂದು ತಲೇನೂ ನೋಡಿದ್ರೆ ಗೊತ್ತಾಗುತ್ತೆ ನಂಗೆ, ಎಲ್ಲಿ ಸುಳಿ ಇದೆ, ಎಲ್ಲಿ ಹಳೇ ಗಾಯ ಇದೆ. ಅದೆಲ್ಲ ಕೊಟ್ಟು ಗೋಡೆ ನೋಡ್ತಾ ಕೂರ್ಲಾ?”

“ಮೊಮ್ಮಗನ ತಲೇಲಿ ಸುಳಿ ಎಲ್ಲಿದೆ ಹೇಳಿ ನೋಡೋಣ.”

ಸಿಟ್ಟಿನಲ್ಲಿ ಆಡಿಬಿಟ್ಟೆ, ಆಮೇಲೆ ನನಗೇ ಸಂಕಟವಾಗಿ ಇವರ ಮುದ್ದೆಗೆ ಒಂದು ಮಿಳ್ಳೆ ತುಪ್ಪ ಜಾಸ್ತಿ ಹಾಕಿದೆ.

ಹೀಗಿರುವಾಗ ಹಿಟ್ಟಿನ ಮಿಲ್ಲಿನ ಗವಿಯಪ್ಪನ ಮಗ ಲೋಹಿತನಿಗೆ ಮದುವೆ ಗೊತ್ತಾಯಿತು. ಮದುವೆಯ ಹಿಂದಿನ ಬೆಳಗ್ಗೆ ಅವನು ಹೆಗಲ ಮೇಲೆ ಕೂದಲು ಬಿಟ್ಟುಕೊಂಡು ಬಂದು ನಮ್ಮ ಚಾಪೆಯ ಮೇಲೆ ಕೂತ. ಮುಖ ಸಣ್ಣದು ಮಾಡಿಕೊಂಡು ಮೊಬೈಲ್ ತೋರಿಸಿದ.

“ಮಾವ, ಹುಡುಗಿ ಇದೇ ತರ ಬೇಕು ಅಂದಿದಾಳೆ. ಈ ಜಡೆ ಇಟ್ಕೊಂಡು ಮಂಟಪಕ್ಕೆ ಬಂದ್ರೆ ಹಾರ ನಿಮ್ಮಮ್ಮನಿಗೆ ಹಾಕ್ತೀನಿ ಅಂದ್ಲು.”

ಇವರು ಫೋಟೋವನ್ನು ಬಹಳ ಹೊತ್ತು ನೋಡಿದರು. “ನಾನೇ ಮಾಡ್ತೀನಿ. ಅಲ್ಲಾಡ್ದಂಗೆ ಕೂತ್ಕೋ” ಎಂದರು. ಪರದೆಯ ಸಂದಿಯಿಂದ ನಾನು ನೋಡುತ್ತಿದ್ದೆ. ಲೋಹಿತ ಬೇರೆ ಎತ್ತರದ ಆಳು. ಇವರು ಮಂಡಿಯೂರಿ, ಹಲ್ಲು ಕಚ್ಚಿ, ಎಡಗಡೆಯ ಕೂದಲನ್ನು ಕಿವಿಯ ಮೇಲಿನ ತನಕ ತೆಗೆದರು. ಒಪ್ಪುವಂತೆಯೇ ತೆಗೆದರು. ಬಲಗಡೆಗೆ ಬಂದು ಕೈ ಎತ್ತಬೇಕು, ಅರ್ಧಕ್ಕೆ ನಿಂತುಬಿಟ್ಟಿತು. ಎಡಗೈಯಿಂದ ಮೊಣಕೈ ಹಿಡಿದು ಮೇಲಕ್ಕೆ ನೂಕಿದರು. ‘ಅಮ್ಮಾ’ ಎಂದು ಬಾಯಿಂದ ಬಂತು, ಕತ್ತರಿ ಠಣ್ ಎಂದು ನೆಲಕ್ಕೆ ಬಿತ್ತು.

ಲೋಹಿತ ತಿರುಗಿ ನೋಡಿದ. ಅರ್ಧ ತಲೆ ಮದುವೆ ಗಂಡು, ಅರ್ಧ ತಲೆ ಬೈರಾಗಿ. ಅವನಿಗೆ ಎಲ್ಲ ಅರ್ಥವಾಯಿತು. “ಮಾವ, ಎಷ್ಟು ದಿನದಿಂದ ಹಿಂಗಿದೆ?” ಎಂದ, ತನ್ನ ಮದುವೆ ಮರೆತವನ ಹಾಗೆ. ಇವರು ತಲೆ ತಗ್ಗಿಸಿ ಕೂತಿದ್ದರು. ಇವರನ್ನು ಅಷ್ಟು ಸೋತವರ ಹಾಗೆ ನಾನು ಎಂದೂ ನೋಡಿರಲಿಲ್ಲ. ಇನ್ನು ಪರದೆಯ ಹಿಂದೆ ನಿಲ್ಲುವ ಕಾಲವಲ್ಲ ಅನ್ನಿಸಿತು, ಹೊರಗೆ ಬಂದೆ.

“ಲೋಹಿತ, ತಲೆಗೆ ಟವೆಲ್ ಸುತ್ಕೋ. ರೀ, ಏಳಿ.”

“ಎಲ್ಲಿಗೆ?”

“ಎಲ್ಲಿಗೆ ಅಂತ ನಿಮಗೂ ಗೊತ್ತು. ನಾಳೆ ಬೆಳಗ್ಗೆ ಇವನು ಹಿಂಗೇ ಮಂಟಪಕ್ಕೆ ಹೋಗ್ಲಾ?”

ಎದ್ದರು. ಆದರೆ ಸಲೂನಿನ ಎದುರು ರಸ್ತೆಯಲ್ಲೇ ನಿಂತುಬಿಟ್ಟರು. ಗಾಜಿನ ಒಳಗೆ ಫಯಾಜ್ ಖಾಲಿ ಕುರ್ಚಿ ಒರೆಸುತ್ತಿದ್ದ. ನಾನು ಮೆಲ್ಲಗೆ ಕೇಳಿದೆ, “ಮಾವನವರು ನಿಮಗೆ ಊರು ಒಪ್ಪಿಸಿದ ದಿನ ಅತ್ತರಾ?”

ಇವರು ಯೋಚಿಸಿದರು. “ಇಲ್ಲ ಕಣೇ. ಮಧ್ಯಾಹ್ನ ಹೊಟ್ಟೆ ತುಂಬ ಉಂಡು, ಜಗಲಿ ಮೇಲೆ ಮಲಗಿದೋರು ದೀಪ ಹಚ್ಚೋ ಹೊತ್ತಿಗೆ ಎದ್ರು.” ಹೇಳುತ್ತ ಹೇಳುತ್ತ ತಮಗೇ ಆಶ್ಚರ್ಯವಾದವರಂತೆ ನನ್ನ ಮುಖ ನೋಡಿದರು. ಆಮೇಲೆ ತಾವೇ ಬಾಗಿಲು ತಳ್ಳಿಕೊಂಡು ಒಳಗೆ ಹೋದರು.

ಫಯಾಜನಿಗೆ ಏನು ಹೇಳಿದರೂ ತಲೆಗೆ ಹೋಗಲಿಲ್ಲ. “ಯಜಮಾನ್ರೇ, ನೀವು ಹೇಳ್ದಂಗೆ ಮಾಡ್ತೀನಿ” ಎಂದಷ್ಟೇ ಅಂದ. ಲೋಹಿತನನ್ನು ಕುರ್ಚಿಯಲ್ಲಿ ಕೂರಿಸಿ, ಇವರು ಹೇಳಿದಂತೆ ಕುರ್ಚಿಯನ್ನು ಆದಷ್ಟು ಕೆಳಗಿಳಿಸಿ, ಮೆಷಿನ್ ಹಿಡಿದ. ಇವರು ಅವನ ಪಕ್ಕ ನಿಂತು ಅವನ ಮುಂಗೈ ಮೇಲೆ ತಮ್ಮ ಕೈ ಇಟ್ಟರು. ಕೈ ಏಳದಲ್ಲ, ಅದಕ್ಕೆ ನಾನು ಕೆಳಗಿನಿಂದ ಮೊಣಕೈ ಹಿಡಿದೆ. ಒಂದು ತಲೆಗೆ ಮೂರು ಜನ. ಮೆಷಿನ್ ಶುರುವಾಯಿತು. ಒಂದು ಎಳೆ ಬಿತ್ತು. ಅದರ ಹಿಂದೆ ಒಂದು ಮುಷ್ಟಿ ಕೂದಲು ಲೋಹಿತನ ಹೆಗಲಿಂದ ಜಾರಿ ಕೆಳಗೆ ಬಿತ್ತು. ಫಯಾಜ್ “ಯಾ ಅಲ್ಲಾ” ಎಂದವನು ಉಸಿರು ಬಿಡಲಿಲ್ಲ, ಮುಂದುವರಿಸಿದ. ಇವರ ಕೈ ಯಾವಾಗ ಹಗುರವಾಗಿ, ಯಾವಾಗ ಹಿಂದಕ್ಕೆ ಬಂತೋ, ಮೊಣಕೈ ಹಿಡಿದಿದ್ದ ನನಗೆ ಮಾತ್ರ ಗೊತ್ತು. ಕೂದಲು ಬೀಳುತ್ತಲೇ ಇತ್ತು.

ಕೊನೆಗೆ ಇವರು ಫಯಾಜನ ಕತ್ತರಿ ತೆಗೆದುಕೊಂಡು, ಲೋಹಿತನ ಕತ್ತಿನ ಬಳಿ ಒಂದು ಎಳೆ ಹಿಡಿದು ಕತ್ತರಿ ಹಾಕಿದರು. ಎಳೆ ಹಾಗೇ ನಿಂತಿತ್ತು. ಇನ್ನೊಮ್ಮೆ ಹಾಕಿದರು. ಬಗ್ಗಲಿಲ್ಲ. ಈಗ ಅಳುತ್ತಾರೆ ಎಂದು ನಾನು ಸೆರಗು ಕೈಗೆ ತೆಗೆದುಕೊಂಡೆ. ಇವರು ಕತ್ತರಿ ಕೆಳಗಿಟ್ಟು ನಕ್ಕರು, ನೋಡಿ! ಹೊಟ್ಟೆ ಕುಲುಕುವ ಹಾಗೆ ನಕ್ಕರು. “ಹೋಯ್ತು ಕಣೇ ಅಲುವೇಲು, ಒಂದು ಹೋಯ್ತು!” ಎಂದರು. ಆಮೇಲೆ ಆ ತಣ್ಣನೆ ಗಾಳಿಯಲ್ಲಿ, ಗಿರಾಕಿಗಳಿಗೆಂದು ಹಾಕಿದ್ದ ಸೋಫಾದ ಮೇಲೆ ಕೂತವರು ಹಾಗೇ ಒರಗಿ ಗೊರಕೆ ಹೊಡೆದರು.

ಲೋಹಿತನ ಮದುವೆಯಲ್ಲಿ ಜನ ಮದುಮಗಳಿಗಿಂತ ಅವನ ತಲೆಯನ್ನೇ ನೋಡಿದರು. ಹುಡುಗಿ ಹಾರವನ್ನು ಅವನಿಗೇ ಹಾಕಿದಳು. ಮಾರನೆಯ ದಿನವೇ ಊರಿನ ಜಡೆಗಳೆಲ್ಲ ಫಯಾಜನ ಬಾಗಿಲಲ್ಲಿ ಸಾಲು ನಿಂತವು. ಇವರು ಕುರ್ಚಿಯ ಪಕ್ಕ ಸ್ಟೂಲ್ ಹಾಕಿಕೊಂಡು, ಮೊಣಕೈಯನ್ನು ನನ್ನ ಕೈಗೆ ಕೊಟ್ಟು, ಒಂದೊಂದೇ ತಲೆ ಒಪ್ಪಿಸಿದರು. ಒಪ್ಪಿಸುವಾಗ ಒಂದು ಮಾತು ಹೇಳುವುದು: “ಇವನಿಗೆ ಹಿಂದೆ ಎರಡು ಸುಳಿ, ನೀರು ಹಾಕಿ ಬಾಚು.” “ಇವನು ಮರದಿಂದ ಬಿದ್ದಿದ್ದ, ಬಲಗಡೆ ಹುಷಾರು.” ಫಯಾಜ್ ತಲೆ ಆಡಿಸುವನು. ನಡುವೆ ಅವನಿಗೆ ಗಾಬರಿಯಾಯಿತು. “ಯಜಮಾನ್ರೇ, ಇನ್ಮೇಲೆ ನಾನೂ ನಿಮ್ಮಂಗೆ ಊರು ಬಿಡೋ ಹಾಗಿಲ್ವಾ?”

“ನಿನ್ನ ತಮ್ಮನ್ನ ಕರೆಸ್ಕೋ. ಅರ್ಧ ತಲೆ ಅವನಿಗೆ ಕೊಡು. ನಾನು ಮಾಡಿದ ಹುಚ್ಚು ನೀನು ಮಾಡ್ಬೇಡ” ಎಂದರು ಇವರು. ನಾನು ಅದನ್ನು ಕಿವಿಯಾರೆ ಕೇಳಿದೆ.

ಮುದುಕರಿಗೆ ಮಾತ್ರ ಸಿಟ್ಟು ಬಂತು. “ನಮ್ಮನ್ನೂ ಮಾರಿಬಿಡ್ತೀಯೇನೋ ಕದಿರ? ಆ ಗಾಜಿನ ಪೆಟ್ಟಿಗೇಲಿ ನಾವು ಕೂರಲ್ಲ” ಎಂದು ಗವಿಯಪ್ಪನನ್ನು ಮುಂದೆ ಮಾಡಿಕೊಂಡು ಬಂದರು. “ನಿಮ್ಮನ್ನ ಯಾರು ಕೊಳ್ತಾರೆ? ನೀವು ನನ್ನ ಚಾಪೆಗೇ ಇರಿ” ಎಂದು ಇವರು ನಕ್ಕು ಸಮಾಧಾನ ಮಾಡಿದರು. ನಾನು ಕಾಫಿ ತಂದುಕೊಡುತ್ತಿದ್ದವಳು ಅಲ್ಲೇ ನಿಂತೆ. ನನಗೆ ಥಟ್ಟನೆ ಹೊಳೆಯಿತು. ಸಾಯುವವರು ಮುದುಕರು. ಸತ್ತಾಗ ತಲೆ ಬೋಳಿಸಿಕೊಳ್ಳುವವರು ಅವರ ಮಕ್ಕಳು. ಆ ಮಕ್ಕಳ ತಲೆಯೆಲ್ಲ ಈಗ ಫಯಾಜನ ಕೈಯಲ್ಲಿದೆ!

“ಗವಿಯಪ್ಪಣ್ಣ, ತಪ್ಪು ತಿಳ್ಕೋಬೇಡಿ, ನಾಳೆ ನೀವು ಸತ್ತರೆ ನಮ್ಮ ಯಜಮಾನ್ರು ಊರಲ್ಲಿ ಇರ್ಲೇಬೇಕಾ?” ಎಂದು ಕೇಳಿಯೇಬಿಟ್ಟೆ.

ಗವಿಯಪ್ಪ ಕಾಫಿ ಲೋಟ ಹಿಡಿದುಕೊಂಡು ಕಣ್ಣು ಕಣ್ಣು ಬಿಟ್ಟ. ಆಮೇಲೆ ಅವನಿಗೂ ತಿಳಿಯಿತು, ದೊಡ್ಡ ಮನಸ್ಸಿನವನು, ಬೇಜಾರು ಮಾಡಿಕೊಳ್ಳಲಿಲ್ಲ. “ಬೇಡಮ್ಮ. ಲೋಹಿತನ್ನ ಫಯಾಜ್ ಬೋಳಿಸ್ತಾನೆ. ನಿಮ್ಮ ತಮ್ಮನ ಮದುವೆಲಿ ನಮ್ಮಪ್ಪ ಮಾಡಿದ ಅವಾಂತರಕ್ಕೆ ಈಗಾದ್ರೂ ಪರಿಹಾರ ಆಗ್ಲಿ. ಹೋಗ್ಬನ್ನಿ” ಎಂದ. ಇವರು ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು.

ಶ್ರಾವಣ ಮುಗಿಯುವ ಮೊದಲೇ ಬಸ್ಸು ಹತ್ತಿದೆವು. ಊರು ದಾಟುವಾಗ ಇವರು ಎರಡು ಸಲ ಹಿಂದಕ್ಕೆ ತಿರುಗಿ ನೋಡಿದರು, ಮೋಟಾರ್ ಸೈಕಲ್ ಏನಾದರೂ ಬರುತ್ತಿದೆಯೋ ಎಂದು. ಬರಲಿಲ್ಲ. ಕಡಲೆಕಾಯಿ ಕೊಂಡು ನನಗೆ ಸುಲಿದು ಕೊಟ್ಟರು. ಮದುವೆಯಾದ ಹೊಸತರಲ್ಲೂ ಹಾಗೆ ಮಾಡಿದವರಲ್ಲ.

ಶ್ಯಾಮಲ ಬಾಗಿಲಲ್ಲೇ ಅಪ್ಪನನ್ನು ತಬ್ಬಿಕೊಂಡು ಅತ್ತಳು. ಜವಳದ ಹೊತ್ತಿಗೆ ನನಗೆ ಒಂದೇ ಚಿಂತೆ, ಇವರ ಕೈ. ಬೀಗರ ಮುಂದೆ ಅರ್ಧಕ್ಕೆ ನಿಂತರೆ? ಗಗನ್ ಎರಡು ಜಡೆ ಬಿಚ್ಚಿಕೊಂಡು, ಹೊಸ ಅಂಗಿ ಹಾಕಿಕೊಂಡು ತಾತನ ತೊಡೆಯ ಮೇಲೆ ಕೂತ. ಇವರು ಕತ್ತರಿ ಹಿಡಿದರು. ಕೈ ಎದೆಯ ಮಟ್ಟಕ್ಕೆ ಬಂತು, ಮಗುವಿನ ತಲೆಯೂ ಅಷ್ಟೇ ಎತ್ತರದಲ್ಲಿತ್ತು. ಇನ್ನು ಮೇಲಕ್ಕೆ ಎತ್ತುವ ಕೆಲಸವೇ ಇರಲಿಲ್ಲ. ಇವರು ಬೆರಳಾಡಿಸಿ ಹುಡುಕಿ, “ಸುಳಿ ಇಲ್ಲಿದೆ ನೋಡೇ, ನೆತ್ತಿಯಿಂದ ಸ್ವಲ್ಪ ಎಡಕ್ಕೆ” ಎಂದು ಎಲ್ಲರೆದುರು ನನಗೆ ಹೇಳಿದರು. ಆಮೇಲೆ ಕತ್ತರಿಸಿದರು. ಒಂದು ಕಡೆ ಶುರುಮಾಡಿದವರು ಅಲ್ಲಿನ ಕ್ಷೌರಿಕನಿಗೆ ಬಿಟ್ಟುಕೊಡಲೇ ಇಲ್ಲ, ಪೂರ್ತಿ ತಾವೇ ತೆಗೆದರು.

ಒಂದು ವಾರ ಇದ್ದು ಬಂದೆವು. ಊರಲ್ಲಿ ಯಾರೂ ಸತ್ತಿರಲಿಲ್ಲ. ಹುಡುಗರ ತಲೆಗಳು ಮೊಬೈಲಿನ ಫೋಟೋಗಳ ಹಾಗೇ ಓಡಾಡುತ್ತಿದ್ದವು. ಇವರು ಚಾಪೆ ಕೊಡವಿ ಹಾಕಿ ಮುದುಕರ ಜೊತೆ ಪೇಪರ್ ಓದುತ್ತ ಕೂತರು. ಸ್ವಲ್ಪ ದಿನ ಕಳೆದ ಮೇಲೆ ಮಧ್ಯಾಹ್ನದ ಹೊತ್ತು ಸುಮ್ಮನೆ ಗೋಡೆ ನೋಡುವುದು ಶುರುವಾಯಿತು, ಅದನ್ನೂ ನಾನು ಗಮನಿಸಿದೆ.

ಗಗನ್‌ಗೆ ಕೂದಲು ಮತ್ತೆ ಬಂದು ಕಿವಿಗೆ ತಾಗುವ ಹೊತ್ತಿಗೆ ಶ್ಯಾಮಲಳ ಫೋನು ಬಂತು. “ಅಪ್ಪಂಗೆ ಕೊಡಮ್ಮ” ಎಂದಳು. ಇವರು ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದರು, ಮುಖ ನಿಧಾನಕ್ಕೆ ಅರಳಿತು. ಫೋನಿಟ್ಟವರೇ ಕತ್ತರಿ, ಕತ್ತಿ ಇಡುವ ಹಡಪದ ಚೀಲ ಹುಡುಕತೊಡಗಿದರು.

“ಏನಂತ್ರೀ?”

“ಅಲ್ಲಿ ಯಾರು ಕತ್ತರಿ ಹಾಕಿದ್ರೂ ಮಗೂ ಕೂದಲು ಬಗ್ತಾ ಇಲ್ವಂತೆ ಕಣೇ! ನೀರು ಕತ್ತರಿಸ್ದಂಗೆ ಆಗ್ತದಂತೆ. ತಿಂಗಳಿಗೊಂದ್ಸಲ ನಾನೇ ಹೋಗ್ಬೇಕಂತೆ.”

ಆ ಊರಿಗೆ ಈ ಹಟ ಎಂದೂ ಇರಲಿಲ್ಲ. ಅಳಿಯ ಸಲಕ್ಕೊಂದು ಕ್ಷೌರದಂಗಡಿಗೆ ಹೋಗಿ ಬರುತ್ತಾನೆ. ನನ್ನ ಮಗಳು ಚಿಕ್ಕಂದಿನಲ್ಲಿ ಸುಳ್ಳು ಹೇಳುವಾಗ ಮಾತಿನ ನಡುವೆ ಒಮ್ಮೆ ಉಗುಳು ನುಂಗುತ್ತಿದ್ದಳು. ಈ ಸಲ ನುಂಗಿದಳೋ ಇಲ್ಲವೋ, ಫೋನು ಇವರ ಕಿವಿಯಲ್ಲಿತ್ತು, ನಾನು ಹೇಗೆ ಹೇಳಲಿ? ಇವರು ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದರು. “ಬೇಗ ಬಾರೇ, ಮಗು ಕಾಯ್ತಿದೆ” ಎಂದು ಬೀದಿಯಿಂದ ಕೂಗಿದರು. ನಾನು ಪರದೆ ಸರಿಸಿ, ಮನೆಗೆ ಬೀಗ ಹಾಕಿ, ಇವರ ಹಿಂದೆ ಹೊರಟೆ.